ಮೂಗಿಗಿಂತ ಮೂಗುತಿ ಭಾರವಾದಾಗ

"ಇನ್ನು ಸ್ವಲ್ಪ ಹಣ ಸೇರಿಸಿದರೆ ಬೆಂಜೇ ಬರುತ್ತದಲ್ಲ!" ಕಾರು ಕೊಳ್ಳಲು ಹೊರಟ ಕುಟುಂಬಗಳಿಗೆ ಬಂಧುಮಿತ್ರರಿಂದ ಇಂದು ತಪ್ಪದೆ ದೊರೆಯುವ ಉಪದೇಶವಿದು. ಮನೆಯವರೆಲ್ಲ ಕೂಡಿ, ನಾಲ್ಕಾರು ಕಡೆ ವಿಚಾರಿಸಿ, ಓಡಿಸಲು ಚುರುಕಾದ, ನೋಡಲು ಲಕ್ಷಣವಾದ, ತಮ್ಮ ಕೈಗೆಟುಕುವ ಬೆಲೆಯ ಒಂದು ಸೆಡಾನ್ ಕಾರನ್ನು ಮೆಚ್ಚಿಕೊಂಡಿರುತ್ತಾರೆ. ಅಷ್ಟರಲ್ಲಿ ಮದುವೆಯ ಊಟದ ಪಂಕ್ತಿಯಲ್ಲೋ ಚರ್ಚಿನ ಅಂಗಳದಲ್ಲೋ ಎದುರಾದ ಹಿತೈಷಿಯೊಬ್ಬರು ಈ ಮಾತನ್ನು ಆಡಿ ಹೋಗುತ್ತಾರೆ. ಅಂದಿನಿಂದ ಮೆಚ್ಚಿದ ಕಾರು ಸಪ್ಪೆಯಾಗಿ ಕಾಣತೊಡಗುತ್ತದೆ. ಮೂರು ಮೊನೆಯ ನಕ್ಷತ್ರ, ನಾಲ್ಕು ಬಳೆಗಳು, ನೀಲಿ-ಬಿಳಿ ಚಕ್ರ ಇವುಗಳಲ್ಲಿ ಒಂದಾದರೂ ಲಾಂಛನ ಮನೆಯ ಮುಂದೆ ನಿಲ್ಲದಿದ್ದರೆ ಬದುಕಿನಲ್ಲಿ ಏನೋ ಕೊರತೆ ಉಳಿಯಿತೆಂಬ ಭಾವನೆ ಬೇರೂರುತ್ತದೆ. ಆ "ಸ್ವಲ್ಪ" ಎಂಬ ಪುಟ್ಟ ಪದದೊಳಗೆ 30 ಲಕ್ಷ ರೂಪಾಯಿಗೂ ಮಿಗಿಲಾದ ಮೊತ್ತ ಅಡಗಿ ಕುಳಿತಿದೆಯೆಂಬುದನ್ನು ಹೇಳಿದವರೂ ಯೋಚಿಸಿರುವುದಿಲ್ಲ, ಕೇಳಿದವರೂ ಲೆಕ್ಕ ಹಾಕಿರುವುದಿಲ್ಲ.

ಪ್ರಿಯ ಓದುಗರೇ, ಸಿರಿವಂತರನ್ನು ಹಳಿಯುವುದು ಈ ಲೇಖನದ ಉದ್ದೇಶವಲ್ಲ. ಕಾರಿನ ಮೇಲಿನ ಪ್ರೀತಿ ಪಾಪವೆಂದೂ ಇಲ್ಲಿ ಹೇಳುತ್ತಿಲ್ಲ. ಘಟ್ಟದ ತಿರುವಿನಲ್ಲಿ ಸ್ಟಿಯರಿಂಗ್ ಚಕ್ರ ಕೈಮಾತನ್ನು ಕೇಳುವಾಗ, ಏರಿನಲ್ಲಿ ಎಂಜಿನ್ ದಣಿಯದೆ ಎಳೆಯುವಾಗ ಚಾಲಕನಿಗೆ ಆಗುವ ಆನಂದ ನಿಜವಾದ ಆನಂದವೇ. ಆ ಆನಂದಕ್ಕೆ ಹಣ ಕೊಡುವುದರಲ್ಲಿ ತಪ್ಪಿಲ್ಲ. ನನ್ನ ವಾದ ಇಷ್ಟೇ: ಐಷಾರಾಮಿ ಕಂಪನಿಗಳ ಹೊಸ್ತಿಲಲ್ಲಿ ಇಟ್ಟಿರುವ ಅತ್ಯಂತ ಅಗ್ಗದ ಸೆಡಾನ್‌ಗೆ ನಾವು ಎರಡೂವರೆ ಪಟ್ಟು ಹಣ ತೆರುವುದು ಆ ಆನಂದಕ್ಕಾಗಿ ಅಲ್ಲ, ಯಂತ್ರಕ್ಕಾಗಿಯೂ ಅಲ್ಲ, ಬಹುಪಾಲು ಲಾಂಛನಕ್ಕಾಗಿ. ಓಡಿಸುವ ಸುಖವನ್ನು ನಿಜವಾಗಿ ಬಯಸುವ ಕುಟುಂಬಕ್ಕೆ ಸಾಮಾನ್ಯ ಕಂಪನಿಯ ಚುರುಕು ಸೆಡಾನ್ ಸಾಕು. ಸಾಕು ಮಾತ್ರವಲ್ಲ, ಅದೇ ಲೇಸು.

ಈ ಗೊಂದಲ ಹುಟ್ಟಿದ್ದು ಹೇಗೆಂಬುದನ್ನು ಮೊದಲು ನೋಡೋಣ. ಒಂದು ಕಾಲಕ್ಕೆ ನಮ್ಮ ದೇಶದ ಮಾರುಕಟ್ಟೆಯಲ್ಲಿ ಸಾಮಾನ್ಯ ಕಾರಿಗೂ ಐಷಾರಾಮಿ ಕಾರಿಗೂ ನಡುವೆ ಒಂದು ಮೆಟ್ಟಿಲಿತ್ತು. 2001ರಲ್ಲಿ ಸ್ಕೋಡಾ ಆಕ್ಟೇವಿಯಾ ಬಂತು; 2006ರಲ್ಲಿ ಹೋಂಡಾ ಸಿವಿಕ್ ಬಂತು; ಟೊಯೊಟಾ ಕೊರೊಲ್ಲಾ, ಹ್ಯುಂಡೈ ಎಲಾಂಟ್ರಾ ಅದೇ ಸಾಲಿನಲ್ಲಿ ನಿಂತವು. ವೈದ್ಯರು, ವಕೀಲರು, ಗಲ್ಫ್ ದೇಶಗಳಲ್ಲಿ ದುಡಿದು ಮರಳಿದವರು, ಕಾಫಿ ಬೆಳೆಗಾರರು ಇಂತಹ ಕಾರುಗಳನ್ನು ಕೊಂಡು ಹೆಮ್ಮೆಯಿಂದಲೇ ಓಡಿಸಿದರು. ನಂತರ ಜನರ ಒಲವು ಎತ್ತರದ ಎಸ್‌ಯುವಿಗಳತ್ತ ವಾಲಿತು. ಗ್ರೇಟರ್ ನೋಯ್ಡಾದ ಕಾರ್ಖಾನೆಯಲ್ಲಿ ಹೋಂಡಾ ಉತ್ಪಾದನೆ ನಿಲ್ಲಿಸಿದಾಗ 2020ರ ಕೊನೆಗೆ ಸಿವಿಕ್ ಮರೆಯಾಯಿತು. ಕೊರೊಲ್ಲಾ ಆಲ್ಟಿಸ್ ಕೂಡ ಅದೇ ವರ್ಷ ನಿಂತಿತು. 2022ರಲ್ಲಿ ಎಲಾಂಟ್ರಾ, 2023ರಲ್ಲಿ ಹೊಗೆ ನಿಯಮಗಳು ಬಿಗಿಯಾದಾಗ ಆಕ್ಟೇವಿಯಾ ಹೊರಟುಹೋದವು. ಹೀಗೆ ನಡುವಿನ ಮೆಟ್ಟಿಲೇ ಕುಸಿದುಬಿತ್ತು. ಇಂದು ಷೋರೂಮ್ ಬೆಲೆಯಲ್ಲಿ 20 ಲಕ್ಷದಿಂದ 40 ಲಕ್ಷದವರೆಗೆ ಪೆಟ್ರೋಲ್ ಸೆಡಾನ್ ಹುಡುಕಿದರೆ ಸಿಗುವುದು ಬಹುತೇಕ ಬಯಲು. "ಇನ್ನು ಸ್ವಲ್ಪ" ಎಂಬ ಮಾತು ಹಳೆಯ ಕಾಲದಲ್ಲಿ ಅರ್ಧ ನಿಜವಾಗಿತ್ತು. ಇಂದು ಅದು ಮೆಟ್ಟಿಲು ಹತ್ತುವ ಮಾತಲ್ಲ, ಕಂದಕ ಹಾರುವ ಮಾತು.

ಕಂದಕದ ಈಚೆ ದಡದಲ್ಲಿ ಏನಿದೆ? 2022ರಲ್ಲಿ ಬಿಡುಗಡೆಯಾದ ಫೋಕ್ಸ್‌ವ್ಯಾಗನ್ ವರ್ಟಸ್ ಇದೆ. ಪುಣೆಯ ಬಳಿಯ ಚಾಕಣದಲ್ಲಿ ತಯಾರಾಗುವ ಈ ಕಾರಿನ 1.5 ಲೀಟರ್ ಟರ್ಬೊ ಎಂಜಿನ್ 150 ಅಶ್ವಶಕ್ತಿ, 250 ನ್ಯೂಟನ್ ಮೀಟರ್ ಎಳೆತ ಕೊಡುತ್ತದೆ. ಹೊರೆ ಕಡಿಮೆಯಿದ್ದಾಗ ನಾಲ್ಕು ಸಿಲಿಂಡರ್‌ಗಳಲ್ಲಿ ಎರಡನ್ನು ತಾನಾಗಿಯೇ ವಿಶ್ರಾಂತಿಗೆ ಕಳುಹಿಸಿ ಇಂಧನ ಉಳಿಸುವ ಏರ್ಪಾಡೂ ಅದಕ್ಕಿದೆ. ಅದರ ಸೋದರ ಸ್ಕೋಡಾ ಸ್ಲಾವಿಯಾ ಅದೇ ಎಂಜಿನ್ನಿನೊಂದಿಗೆ ಅದೇ ವರ್ಷ ಬಂದಿತು. 2023ರ ಮಾರ್ಚಿಯಲ್ಲಿ ಹೊಸ ರೂಪದಲ್ಲಿ ಬಂದ ಹ್ಯುಂಡೈ ವರ್ನಾದ ಟರ್ಬೊ ಮಾದರಿಗೆ 160 ಅಶ್ವಶಕ್ತಿ, 253 ನ್ಯೂಟನ್ ಮೀಟರ್. ನಿಂತಲ್ಲಿಂದ ನೂರು ಕಿಲೋಮೀಟರ್ ವೇಗ ಮುಟ್ಟಲು ಅದಕ್ಕೆ 8.1 ಸೆಕೆಂಡು ಸಾಕೆಂದು ಕಂಪನಿ ಅಂದು ಹೇಳಿಕೊಂಡಿತು. 2025ರ ಸೆಪ್ಟೆಂಬರ್ ತಿಂಗಳಲ್ಲಿ ತೆರಿಗೆ ಇಳಿದ ಬಳಿಕ ಈ ಕಾರುಗಳ ಅತ್ಯುನ್ನತ ಮಾದರಿಗಳೂ 20 ಲಕ್ಷದೊಳಗಿನ ಷೋರೂಮ್ ಬೆಲೆಗೆ ದೊರೆತವು.

ಆಚೆ ದಡದಲ್ಲಿ ಏನಿದೆ? 2025ರ ಜುಲೈಯಲ್ಲಿ ಬಿಎಂಡಬ್ಲ್ಯು ಕಂಪನಿ ತನ್ನ 2 ಸೀರೀಸ್ ಗ್ರಾನ್ ಕೂಪೆಯ ಹೊಸ ಪೀಳಿಗೆಯನ್ನು ಭಾರತಕ್ಕೆ ತಂದಿತು. ಆ ಹೆಸರಾಂತ ಕಂಪನಿಯ ಸೆಡಾನ್ ಸಾಲಿನ ಮೊದಲ ಬಾಗಿಲು ಇದೇ. ಬಾನೆಟ್ ತೆರೆದು ನೋಡಿದರೆ ಅಲ್ಲಿರುವುದೂ 1.5 ಲೀಟರ್ ಟರ್ಬೊ ಎಂಜಿನ್ನೇ. ಆದರೆ ಸಿಲಿಂಡರ್‌ಗಳು ನಾಲ್ಕಲ್ಲ, ಮೂರು. ಶಕ್ತಿ 156 ಅಶ್ವಶಕ್ತಿ, ಎಳೆತ 230 ನ್ಯೂಟನ್ ಮೀಟರ್, ನೂರು ಕಿಲೋಮೀಟರ್ ವೇಗಕ್ಕೆ 8.6 ಸೆಕೆಂಡು. ಎಂಜಿನ್ನಿನ ಶಕ್ತಿ ಹೋಗುವುದು ಮುಂದಿನ ಚಕ್ರಗಳಿಗೆ, ಈಚೆ ದಡದ ಕಾರುಗಳಲ್ಲಿ ಹೋಗುವಂತೆಯೇ. ಬಿಡುಗಡೆಯ ದಿನ ಷೋರೂಮ್ ಬೆಲೆ 46.90 ಲಕ್ಷ. ವರ್ನಾ ತಯಾರಾಗುವ ಶ್ರೀಪೆರಂಬುದೂರು ಚೆನ್ನೈ ನಗರದ ಹೊರವಲಯದಲ್ಲಿದೆ. ಬಿಎಂಡಬ್ಲ್ಯು ಜೋಡಣೆಯಾಗುವ ಕಾರ್ಖಾನೆಯೂ ಅದೇ ಚೆನ್ನೈ ಬಳಿಯೇ ಇದೆ. ಒಂದೇ ಊರಿನ ಆಸುಪಾಸಿನಲ್ಲಿ ಹುಟ್ಟಿದ ಎರಡು ಕಾರುಗಳಲ್ಲಿ ಅಗ್ಗದ್ದು ಕಾಗದದ ಮೇಲೆ ಹೆಚ್ಚು ಬಲಶಾಲಿ, ಹೆಚ್ಚು ವೇಗಿ. ಹೀಗಿರುವಾಗ ಉಳಿದ ಇಪ್ಪತ್ತೇಳು ಲಕ್ಷ ಯಾವುದಕ್ಕೆ ಎಂದು ಕೇಳುವ ಹಕ್ಕು ಗಿರಾಕಿಗೆ ಇಲ್ಲವೇ?

ಇದೊಂದೇ ಉದಾಹರಣೆಯಾಗಿದ್ದರೆ ಅಪವಾದವೆಂದು ಬಿಡಬಹುದಿತ್ತು. ಸ್ವಲ್ಪ ಹಿಂದಕ್ಕೆ ಹೋಗೋಣ. 2013ರಲ್ಲಿ ಹೊಸ ಆಕ್ಟೇವಿಯಾ ಬಂತು, 2014ರಲ್ಲಿ ಆಡಿ ಎ3 ಸೆಡಾನ್ ಬಂತು. ಇವೆರಡೂ ಒಂದೇ ಉದ್ಯಮ ಸಮೂಹದ ಮಕ್ಕಳು. ಎರಡಕ್ಕೂ ಎಂಕ್ಯೂಬಿ ಎಂಬ ಒಂದೇ ತಳಪಾಯ. ಎರಡರಲ್ಲೂ 180 ಅಶ್ವಶಕ್ತಿಯ 1.8 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್. ಎರಡೂ ಜೋಡಣೆಯಾದದ್ದು, ಇಂದು ಛತ್ರಪತಿ ಸಂಭಾಜಿನಗರ ಎಂದು ಕರೆಯಲಾಗುವ ಔರಂಗಾಬಾದಿನ ಒಂದೇ ಕಾರ್ಖಾನೆಯಲ್ಲಿ. ಹಿಂದಿನ ಸೀಟಿನಲ್ಲಿ ಕಾಲು ಚಾಚಲು ಹೆಚ್ಚು ಜಾಗವಿದ್ದದ್ದು, ಡಿಕ್ಕಿ ದೊಡ್ಡದಾಗಿದ್ದದ್ದು ಅಗ್ಗದ ಆಕ್ಟೇವಿಯಾದಲ್ಲಿ. ಆದರೂ ಲಕ್ಷಗಟ್ಟಲೆ ಹೆಚ್ಚು ತೆತ್ತು ನಾಲ್ಕು ಬಳೆಗಳನ್ನು ಮನೆಗೆ ತಂದವರು ಕಡಿಮೆಯಿರಲಿಲ್ಲ.

ಇನ್ನೊಂದು ಉದಾಹರಣೆ ಮತ್ತೂ ಸ್ವಾರಸ್ಯಕರ. 2021ರ ಮಾರ್ಚಿಯಲ್ಲಿ ಮರ್ಸಿಡಿಸ್ ಬೆಂಜ್ ತನ್ನ ಎ-ಕ್ಲಾಸ್ ಲಿಮೋಸಿನ್ ಸೆಡಾನನ್ನು ಸುಮಾರು 40 ಲಕ್ಷದ ಆರಂಭಿಕ ಬೆಲೆಗೆ ತಂದಿತು. ಅದರ ಪೆಟ್ರೋಲ್ ಮಾದರಿಯಲ್ಲಿದ್ದದ್ದು 163 ಅಶ್ವಶಕ್ತಿಯ 1.3 ಲೀಟರ್ ಎಂಜಿನ್. ಆ ಎಂಜಿನ್ನನ್ನು ಬೆಂಜ್ ಒಂಟಿಯಾಗಿ ರೂಪಿಸಿರಲಿಲ್ಲ. ರೆನೊ-ನಿಸಾನ್ ಬಳಗದೊಡನೆ ಕೂಡಿ ರೂಪಿಸಿತ್ತು. ಅದೇ ಕುಲದ 1.3 ಲೀಟರ್ ಎಂಜಿನ್ 2020ರಲ್ಲಿಯೇ 156 ಅಶ್ವಶಕ್ತಿಯೊಂದಿಗೆ ರೆನೊ ಡಸ್ಟರ್ ಗಾಡಿಯಲ್ಲಿ, 10.49 ಲಕ್ಷದ ಆರಂಭಿಕ ಬೆಲೆಗೆ, ನಮ್ಮ ರಸ್ತೆಗಿಳಿದಿತ್ತು. ಇದನ್ನು ವಂಚನೆ ಎನ್ನಲಾಗದು. ಕಂಪನಿಗಳು ಖರ್ಚು ಹಂಚಿಕೊಳ್ಳುವುದು ವ್ಯಾಪಾರದ ಜಾಣ್ಮೆ. ಆ ಎಂಜಿನ್ನೂ ಒಳ್ಳೆಯದೇ. ಆದರೆ "ಬೆಂಜ್ ಎಂಜಿನ್ ಎಂದರೆ ಬೆಂಜ್ ಎಂಜಿನ್ನೇ" ಎಂದು ಎದೆ ಉಬ್ಬಿಸಿ ಹೇಳುವವರು ಈ ಸಂಗತಿಯನ್ನು ಅರಿತಿದ್ದರೆ ಒಳ್ಳೆಯದು.

ನ್ಯಾಯವಾಗಿ ಹೇಳಬೇಕಾದುದನ್ನು ಹೇಳಿಬಿಡುತ್ತೇನೆ. ಒಂದೇ ಎಂಜಿನ್ ಇದ್ದಮಾತ್ರಕ್ಕೆ ಎರಡು ಕಾರುಗಳು ಒಂದೇ ಆಗುವುದಿಲ್ಲ. ಐಷಾರಾಮಿ ಕಾರಿನ ಬಾಗಿಲು ಮುಚ್ಚಿದಾಗ ಹೊರಗಿನ ಗದ್ದಲ ದೂರವಾಗುತ್ತದೆ. ಕೈ ತಾಗುವ ಪ್ರತಿಯೊಂದು ಜಾಗವೂ ಮೃದುವಾಗಿರುತ್ತದೆ. ಸೀಟಿನ ಹೊಲಿಗೆ, ಬಣ್ಣದ ಹೊಳಪು, ದೀಪಗಳ ಬೆಳಕು ಇವೆಲ್ಲ ಮೇಲ್ದರ್ಜೆಯವು. ಅದೇ ಕಂಪನಿಗಳ ಮೇಲಿನ ಅಂತಸ್ತಿಗೆ ಹೋದರೆ ಅಂತರ ಇನ್ನೂ ನಿಜವಾಗುತ್ತದೆ. ಬಿಎಂಡಬ್ಲ್ಯು 3 ಸೀರೀಸ್ ಪೆಟ್ರೋಲ್ ಸೆಡಾನ್ 258 ಅಶ್ವಶಕ್ತಿಯ ಎರಡು ಲೀಟರ್ ಎಂಜಿನ್ ಹೊಂದಿದೆ, ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ಕಳುಹಿಸುತ್ತದೆ. ಅದನ್ನು ಓಡಿಸುವ ಅನುಭವವೇ ಬೇರೆ, ಈಚೆ ದಡದ ಯಾವ ಕಾರೂ ಅದಕ್ಕೆ ಸಾಟಿಯಲ್ಲ. ಆ ಮಟ್ಟದ ಬೆಲೆಯನ್ನು ಸಾಲವಿಲ್ಲದೆ, ಯಾರ ಪಾಲನ್ನೂ ಕಡಿತಗೊಳಿಸದೆ ತೆರಬಲ್ಲವರೊಡನೆ ನನ್ನ ಜಗಳವಿಲ್ಲ. ನನ್ನ ಜಗಳ ಹೊಸ್ತಿಲಿನ ಕಾರಿನೊಡನೆ. ಮೇಲಂತಸ್ತಿನ ಕೀರ್ತಿಯನ್ನು ತೋರಿಸಿ, ಕೆಳಗಿನ ಮಾಲನ್ನು ಮಾರುವ ಆ ಏರ್ಪಾಡಿನೊಡನೆ.

ಈಗ ಹಣದ ಲೆಕ್ಕಕ್ಕೆ ಬರೋಣ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರಿಗಿಂತ ಉದ್ದದ ಪೆಟ್ರೋಲ್ ಕಾರುಗಳಿಗೆ ಜಿಎಸ್‌ಟಿ ಶೇಕಡಾ 40. ವರ್ಟಸ್‌ಗೂ ಇದೇ ದರ, ಬಿಎಂಡಬ್ಲ್ಯುಗೂ ಇದೇ ದರ. ಅದರ ಮೇಲೆ ನಮ್ಮ ರಾಜ್ಯದ ಜೀವಿತಾವಧಿ ರಸ್ತೆ ತೆರಿಗೆ ಬೀಳುತ್ತದೆ. ಕರ್ನಾಟಕದ ಈ ತೆರಿಗೆ ದೇಶದಲ್ಲಿಯೇ ಅತಿ ಹೆಚ್ಚಿನವುಗಳಲ್ಲಿ ಒಂದೆಂಬುದು ಕಾರು ಕೊಂಡವರಿಗೆಲ್ಲ ಗೊತ್ತು. 10 ಲಕ್ಷದಿಂದ 20 ಲಕ್ಷದವರೆಗಿನ ಕಾರಿಗೆ ಶೇಕಡಾ 17, 20 ಲಕ್ಷ ಮೀರಿದರೆ ಶೇಕಡಾ 18, ಸೆಸ್ ಬೇರೆ. 19 ಲಕ್ಷದ ಕಾರಿಗೆ ಈ ತೆರಿಗೆ 3.23 ಲಕ್ಷವಾದರೆ, 47 ಲಕ್ಷದ ಕಾರಿಗೆ 8.46 ಲಕ್ಷವಾಗುತ್ತದೆ. ಅಂದರೆ ಐಷಾರಾಮಿ ಕಾರಿನ ರಸ್ತೆ ತೆರಿಗೆಯ ಹಣದಲ್ಲಿಯೇ ಒಂದು ಒಳ್ಳೆಯ ಸಣ್ಣ ಕಾರು ಮನೆಗೆ ಬರುತ್ತಿತ್ತು. ಸೆಸ್, ವಿಮೆ, ನೋಂದಣಿ ಎಲ್ಲ ಸೇರಿದಾಗ ಎರಡು ಕಾರುಗಳ ನಡುವಿನ ಅಂತರ ಸುಮಾರು 34 ಲಕ್ಷವನ್ನು ಮುಟ್ಟುತ್ತದೆ.

ಈ 34 ಲಕ್ಷವನ್ನು ಬ್ಯಾಂಕಿನಿಂದ ಶೇಕಡಾ 9ರ ಬಡ್ಡಿಗೆ, ಏಳು ವರ್ಷಗಳ ಅವಧಿಗೆ ಸಾಲವಾಗಿ ತಂದರೆಂದು ಇಟ್ಟುಕೊಳ್ಳೋಣ. ತಿಂಗಳ ಕಂತು ಸುಮಾರು 54,700 ರೂಪಾಯಿ. ಎಂಬತ್ತನಾಲ್ಕು ತಿಂಗಳಲ್ಲಿ ಕಟ್ಟುವ ಒಟ್ಟು ಮೊತ್ತ ಹತ್ತಿರಹತ್ತಿರ 46 ಲಕ್ಷ. ಅದರಲ್ಲಿ ಬಡ್ಡಿಯೇ 12 ಲಕ್ಷ. ನೆನಪಿಡಿ, ಇದು ಕಾರಿನ ಪೂರ್ಣ ಬೆಲೆಯ ಕಂತಲ್ಲ. ಹಿತೈಷಿಯವರು ಹೇಳಿದ ಆ "ಸ್ವಲ್ಪ"ದ ಕಂತು. ಸಾಲ ಮಾಡದೆ ಕೈಯಲ್ಲಿರುವ ಹಣವನ್ನೇ ಸುರಿಯುವವರು ಬೇರೊಂದು ಲೆಕ್ಕ ನೋಡಲಿ. ಅಷ್ಟೇ ಮೊತ್ತ ಶೇಕಡಾ 6.5ರ ಠೇವಣಿಯಲ್ಲಿದ್ದರೆ ವರ್ಷಕ್ಕೆ 2.21 ಲಕ್ಷ, ತಿಂಗಳಿಗೆ 18,400 ರೂಪಾಯಿ ಬಡ್ಡಿ ತರುತ್ತಿತ್ತು. ಮನೆಯಲ್ಲಿ ನರ್ಸಿಂಗ್ ಓದುವ ಮಗಳಿದ್ದಾಳೆ, ಔಷಧಿಯ ಮೇಲೆ ದಿನ ದೂಡುವ ಅಜ್ಜಿಯಿದ್ದಾರೆ, ಅರ್ಧಕ್ಕೆ ನಿಂತ ಮನೆಯ ಮಾಡು ಇದೆ. 18,400 ರೂಪಾಯಿ ಅಲ್ಲಿ ಏನೇನು ಮಾಡಬಲ್ಲದೆಂಬುದನ್ನು ಆಯಾ ಮನೆಯ ಗೃಹಿಣಿಯೇ ನನಗಿಂತ ಚೆನ್ನಾಗಿ ಬಲ್ಲಳು.

"ಕಾರನ್ನು ಮತ್ತೆ ಮಾರಿದರೆ ಹಣ ಬರುತ್ತದಲ್ಲ?" ಎಂಬ ಸಮಾಧಾನವೂ ಕೇಳಿಬರುವುದುಂಟು. ವಿಮೆಯವರು ಕಾರಿನ ಮೌಲ್ಯ ಇಳಿಸುವ ರೂಢಿಯ ಪಟ್ಟಿಯನ್ನು ನೋಡಿ. ನಾಲ್ಕು ವರ್ಷ ದಾಟಿ ಐದಕ್ಕೆ ಬಂದ ಕಾರಿನ ಬೆಲೆಯಲ್ಲಿ ಅರ್ಧವನ್ನು ಅವರು ಕಳೆದುಬಿಡುತ್ತಾರೆ. 19 ಲಕ್ಷದ ಕಾರಿನಲ್ಲಿ ಕರಗುವುದು 9.5 ಲಕ್ಷ, 47 ಲಕ್ಷದ ಕಾರಿನಲ್ಲಿ ಕರಗುವುದು 23.5 ಲಕ್ಷ. ಕಟ್ಟಿದ ರಸ್ತೆ ತೆರಿಗೆಯೂ ಮರಳಿ ಬರುವುದಿಲ್ಲ. ಚಿನ್ನವಾದರೆ ಕಷ್ಟಕಾಲಕ್ಕೆ ಕೈಹಿಡಿಯುತ್ತದೆ, ಅಡಿಕೆ ತೋಟವಾದರೆ ಫಲ ಕೊಡುತ್ತದೆ. ಕಾರು ನಿಂತಲ್ಲಿಯೇ ಕರಗುವ ಮಂಜುಗಡ್ಡೆ. ದೊಡ್ಡ ಮಂಜುಗಡ್ಡೆಯಿಂದ ಹೆಚ್ಚು ನೀರು ಹರಿದುಹೋಗುತ್ತದೆ, ಅಷ್ಟೇ.

ಈ ಕರಗುವಿಕೆಯಿಂದಲೇ ಇನ್ನೊಂದು ಮೋಹವೂ ಹುಟ್ಟುತ್ತದೆ. "ಹೊಸ ವರ್ಟಸ್ ಏಕೆ? ಅದೇ ಹಣಕ್ಕೆ ಐದು ವರ್ಷ ಹಳೆಯ ಬೆಂಜ್ ಸಿಗುತ್ತದೆ" ಎಂಬ ಮಾತು. ಸಿಗುತ್ತದೆ, ನಿಜ. ಆದರೆ ಕಾರಿನ ಬೆಲೆ ಇಳಿದಂತೆ ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಹೆಡ್‌ಲೈಟ್ ಒಡೆದರೆ, ಗೇರ್‌ಬಾಕ್ಸ್ ಕೈಕೊಟ್ಟರೆ, ಬ್ರೇಕಿನ ತಟ್ಟೆ ಸವೆದರೆ ಬರುವ ಬಿಲ್ಲು 20 ಲಕ್ಷದ ಕಾರಿನದಲ್ಲ, 47 ಲಕ್ಷದ ಕಾರಿನದು. ವಾರಂಟಿ ಮುಗಿದ ಮೇಲೆ ಆ ಬಿಲ್ಲನ್ನು ಹಂಚಿಕೊಳ್ಳಲು ಯಾರೂ ಬರುವುದಿಲ್ಲ. ಐಷಾರಾಮಿ ಕಂಪನಿಗಳ ಅಧಿಕೃತ ಸರ್ವಿಸ್ ಕೇಂದ್ರಗಳಿರುವುದು ಕೆಲವೇ ದೊಡ್ಡ ನಗರಗಳಲ್ಲಿ. ಮಲೆನಾಡಿನ ಯಾವುದೋ ತಿರುವಿನಲ್ಲಿ ಕಾರು ನಿಂತರೆ, ಅದು ಊರು ಸೇರುವುದು ತನ್ನ ಚಕ್ರಗಳ ಮೇಲಲ್ಲ, ಇನ್ನೊಂದು ಲಾರಿಯ ಬೆನ್ನ ಮೇಲೆ. ಆನೆ ಕೊಳ್ಳಲು ಹಣ ಸಾಲದು. ಅಂಕುಶಕ್ಕೂ ಮೇವಿಗೂ ಬೇಕು.

"ಹಣ ಹೋದರೆ ಹೋಗಲಿ, ಪ್ರಾಣ ಮುಖ್ಯ, ಐಷಾರಾಮಿ ಕಾರು ಸುರಕ್ಷಿತ" ಎಂಬುದು ಮೂರನೆಯ ವಾದ. ಇದು ಗೌರವಕ್ಕೆ ಅರ್ಹವಾದ ವಾದ. 2023ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1.72 ಲಕ್ಷಕ್ಕೂ ಹೆಚ್ಚು ಜನ ಸಾವಿಗೀಡಾದರು. ಆದರೆ ಪರೀಕ್ಷೆಯ ಫಲಿತಾಂಶ ಏನು ಹೇಳುತ್ತದೆ? 2023ರ ಏಪ್ರಿಲ್‌ನಲ್ಲಿ ಗ್ಲೋಬಲ್ ಎನ್‌ಸಿಎಪಿ ಸಂಸ್ಥೆ ವರ್ಟಸ್ ಮತ್ತು ಸ್ಲಾವಿಯಾಗಳನ್ನು ಡಿಕ್ಕಿ ಹೊಡೆಸಿ ಪರೀಕ್ಷಿಸಿತು. ದೊಡ್ಡವರ ರಕ್ಷಣೆಗೂ ಮಕ್ಕಳ ರಕ್ಷಣೆಗೂ ಎರಡೂ ಐದೈದು ನಕ್ಷತ್ರ ಗಳಿಸಿದವು. ದೊಡ್ಡವರ ರಕ್ಷಣೆಯಲ್ಲಿ 34ಕ್ಕೆ 29.71, ಮಕ್ಕಳ ರಕ್ಷಣೆಯಲ್ಲಿ 49ಕ್ಕೆ 42 ಅಂಕಗಳು. ಅದೇ ವರ್ಷದ ಅಕ್ಟೋಬರಿನಲ್ಲಿ ವರ್ನಾ ಕೂಡ ಐದು ನಕ್ಷತ್ರ ಪಡೆಯಿತು. ಆದರೆ ಅದರ ದೇಹದ ಚೌಕಟ್ಟು ಸ್ಥಿರವಲ್ಲವೆಂದು ಅದೇ ಪರೀಕ್ಷೆ ಎಚ್ಚರಿಸಿತು. ಎರಡರ ನಡುವೆ ಆಯ್ಕೆ ಮಾಡುವ ಕುಟುಂಬ ಈ ಮಾತನ್ನು ಗಮನಿಸಲೇಬೇಕು. ಸಾಮಾನ್ಯ ಕಂಪನಿಯ ಕಾರೆಂದರೆ ತಗಡಿನ ಡಬ್ಬ ಎಂಬ ಮಾತಿಗೆ ಈಗ ಆಧಾರವಿಲ್ಲ. ಹಾಗೆಯೇ ನಕ್ಷತ್ರವೊಂದನ್ನೇ ನೋಡಿ ಕಣ್ಣು ಮುಚ್ಚಿಕೊಳ್ಳುವುದೂ ಸಲ್ಲದು.

2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ನಡೆದ ಅಪಘಾತದಲ್ಲಿ ಪ್ರಸಿದ್ಧ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡರು. ಅವರು ಕುಳಿತಿದ್ದದ್ದು ಒಂದು ಹೆಸರಾಂತ ಐಷಾರಾಮಿ ವಾಹನದಲ್ಲಿ. ಹಿಂದಿನ ಸೀಟಿನಲ್ಲಿದ್ದ ಅವರು ಬೆಲ್ಟ್ ಹಾಕಿಕೊಂಡಿರಲಿಲ್ಲವೆಂದು ಪೊಲೀಸರು ತಿಳಿಸಿದರು. ಆ ದುರ್ಘಟನೆ ಇಡೀ ದೇಶಕ್ಕೆ ಒಂದು ಪಾಠ ಹೇಳಿತು. ಎಷ್ಟೇ ಬೆಲೆಯ ಕಾರಾದರೂ ಬೆಲ್ಟಿಲ್ಲದ ದೇಹವನ್ನು ಅದು ಹಿಡಿದಿಡಲಾರದು. ನಮ್ಮ ಮನೆಗಳಲ್ಲಿ ಹಿಂದಿನ ಸೀಟಿನಲ್ಲಿ ಕೂರುವವರು ಯಾರು? ಅಜ್ಜ-ಅಜ್ಜಿ, ಮಕ್ಕಳು, ಮಡಿಲಲ್ಲಿ ಕೂಸನ್ನಿಟ್ಟುಕೊಂಡ ತಾಯಿ. ಅವರ ಬೆಲ್ಟಿಗೆ ಮತ್ತು ಕೂಸಿನ ಪ್ರತ್ಯೇಕ ಆಸನಕ್ಕೆ ಕೊಟ್ಟ ಗಮನ ಲಾಂಛನಕ್ಕೆ ಕೊಟ್ಟ ಲಕ್ಷಗಳಿಗಿಂತ ಹೆಚ್ಚು ಪ್ರಾಣ ಉಳಿಸುತ್ತದೆ.

ಇನ್ನು ಓಡಿಸುವ ಸುಖದ ಮಾತು. ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ 2023ರ ಮಾರ್ಚಿಯಲ್ಲಿ ಉದ್ಘಾಟನೆಯಾಯಿತು. ಅಲ್ಲಿ ಕಾರಿನ ವೇಗಮಿತಿ ಗಂಟೆಗೆ 100 ಕಿಲೋಮೀಟರ್. ಮಿತಿ ಮೀರಿದವರನ್ನು ಕ್ಯಾಮೆರಾ ಹಿಡಿಯುತ್ತದೆ, ಹಿಡಿಯಲೂ ಬೇಕು. ಶಿರಾಡಿ, ಚಾರ್ಮಾಡಿ ಘಟ್ಟಗಳಲ್ಲಿ ಆ ವೇಗದ ಅರ್ಧವೇ ಹೆಚ್ಚು. ಅಲ್ಲಿ ಬೇಕಾದದ್ದು ಲಾರಿಯೊಂದನ್ನು ಸುರಕ್ಷಿತವಾಗಿ ದಾಟಲು ತಕ್ಷಣ ದೊರೆಯುವ ಎಳೆತ, ತಿರುವಿನಲ್ಲಿ ವಾಲದ ದೇಹ, ನಂಬಬಹುದಾದ ಬ್ರೇಕು. ಈ ಮೂರೂ ಈಚೆ ದಡದ ಕಾರುಗಳಲ್ಲಿವೆ. ವರ್ಟಸ್ ಕಾರಿನ ತಳ ನೆಲದಿಂದ 179 ಮಿಲಿಮೀಟರ್ ಎತ್ತರದಲ್ಲಿದೆ. ನಮ್ಮ ಹಳ್ಳಿಗಳ ಹಂಪುಗಳನ್ನು ಕಂಡು ಉಸಿರು ಬಿಗಿಹಿಡಿಯಬೇಕಾಗಿಲ್ಲ. ಇನ್ನೊಂದು ಮಾತು. ಕೈಯಿಂದ ಗೇರ್ ಬದಲಿಸುತ್ತ, ಎಂಜಿನ್ನಿನೊಡನೆ ಸಂವಾದ ನಡೆಸುತ್ತ ಓಡಿಸುವುದೇ ನಿಜವಾದ ಚಾಲನೆ ಎನ್ನುವವರಿಗೆ ವರ್ಟಸ್, ಸ್ಲಾವಿಯಾ, ವರ್ನಾ ಟರ್ಬೊಗಳಲ್ಲಿ ಆರು ಗೇರುಗಳ ಮ್ಯಾನುವಲ್ ಮಾದರಿಗಳು ಬಂದವು. ಆಚೆ ದಡದ ಹೊಸ್ತಿಲಿನ ಬಿಎಂಡಬ್ಲ್ಯು ಕಾರಿನಲ್ಲಿ ಆ ಆಯ್ಕೆಯೇ ಇಲ್ಲ. ಓಡಿಸುವ ಸುಖದ ಹೆಸರಿನಲ್ಲಿ ಹೆಚ್ಚು ಹಣ ತೆತ್ತವನಿಗೆ ಗೇರ್ ಕೋಲಿನ ಸುಖ ಸಿಗದು. ಇಳಿಜಾರಾದ ಚಾವಣಿಯ ಕೆಳಗೆ ಹಿಂದಿನ ಸೀಟಿನಲ್ಲಿ ತಲೆ ಬಗ್ಗಿಸಿ ಕೂರುವ ಎತ್ತರದ ಮಗನಿಗೂ ಸುಖವಿಲ್ಲ. ವರ್ಟಸ್‌ನ ಡಿಕ್ಕಿಯಾದರೋ 521 ಲೀಟರ್. ಊರಿಗೆ ಹೋಗುವ ನಾಲ್ವರ ಸಾಮಾನು, ಬರುವಾಗಿನ ತೆಂಗಿನಕಾಯಿ ಮೂಟೆ ಎರಡಕ್ಕೂ ಜಾಗವಿದೆ.

ಕೊನೆಯ ವಾದವೇ ಗಟ್ಟಿಯಾದ ವಾದ. "ನಾನು ದುಡಿದ ಹಣ. ಇಪ್ಪತ್ತು ವರ್ಷ ಪರದೇಶದ ಬಿಸಿಲಿನಲ್ಲಿ ಬೆಂದಿದ್ದೇನೆ. ಒಂದು ಒಳ್ಳೆಯ ಕಾರಿನಲ್ಲಿ ಕೂರುವ ಹಕ್ಕು ನನಗಿಲ್ಲವೇ?" ಖಂಡಿತ ಇದೆ. ಆ ಬೆವರನ್ನು ಪ್ರಶ್ನಿಸುವ ಅಧಿಕಾರ ಯಾರಿಗೂ ಇಲ್ಲ. ಆದರೆ ಆ ಬೆವರಿಗೆ ತಕ್ಕ ಮಾಲು ಸಿಗುತ್ತಿದೆಯೇ ಎಂಬುದೇ ನನ್ನ ಪ್ರಶ್ನೆ. ಇಪ್ಪತ್ತು ವರ್ಷ ದುಡಿದವನಿಗೆ ಮೂರು ಸಿಲಿಂಡರಿನ ಎಂಜಿನ್ನನ್ನು ಹೊಳೆಯುವ ಕಾಗದದಲ್ಲಿ ಸುತ್ತಿ ಕೊಟ್ಟು, "ಇದು ನಿಮ್ಮ ಸಾಧನೆಗೆ ಸಂದ ಗೌರವ" ಎಂದು ಹೇಳುವುದು ಆ ಬೆವರಿಗೆ ಮಾಡುವ ಅವಮಾನವಲ್ಲವೇ? ದುಡಿದವನ ಗೌರವ ಅವನ ದುಡಿಮೆಯಲ್ಲಿದೆ, ಅವನು ಓದಿಸಿದ ಮಕ್ಕಳಲ್ಲಿದೆ, ತೀರಿಸಿದ ಸಾಲದಲ್ಲಿದೆ. ಅದನ್ನು ಬಾನೆಟ್ಟಿನ ಮೇಲೆ ಅಂಟಿಸಿಕೊಂಡು ತಿರುಗಬೇಕಾದ ಅಗತ್ಯವಿಲ್ಲ. ಹಾಗೆ ಅಂಟಿಸಿಕೊಂಡರೂ ನೋಡುವವರು ನೋಡುವುದು ಒಂದೆರಡು ವಾರ. ಮೂರನೆಯ ವಾರ ಅದಕ್ಕಿಂತ ದೊಡ್ಡ ಕಾರು ಪಕ್ಕದ ಮನೆಗೆ ಬಂದಿರುತ್ತದೆ. ಕಂತು ಮಾತ್ರ ಏಳು ವರ್ಷ ನಿಲ್ಲದೆ ಬರುತ್ತಿರುತ್ತದೆ.

ಮಕ್ಕಳು ಇದನ್ನೆಲ್ಲ ಮೌನವಾಗಿ ನೋಡುತ್ತಿರುತ್ತಾರೆ ಎಂಬುದನ್ನೂ ಮರೆಯಬಾರದು. ಕಾರು ಆರಿಸುವಾಗ ಮನೆಯಲ್ಲಿ ಎಂಜಿನ್, ಬ್ರೇಕು, ಬೆಲ್ಟು, ಬಡ್ಡಿಗಳ ಮಾತು ನಡೆದರೆ ಮಗ ವಿವೇಚನೆ ಕಲಿಯುತ್ತಾನೆ. "ಅವರ ಮನೆಯಲ್ಲಿ ಇದೆ, ನಮ್ಮ ಮನೆಯಲ್ಲಿ ಬೇಡವೇ?" ಎಂಬ ಮಾತೊಂದೇ ನಡೆದರೆ ಅವನು ಕಲಿಯುವುದು ಆ ಮಾತನ್ನೇ. ನಾಳೆ ಅವನಿಗೆ ಮೊದಲ ಸಂಬಳ ಬಂದಾಗ, ಮನೆ ಕಟ್ಟುವಾಗ, ಮದುವೆಯ ಖರ್ಚು ನಿಗದಿ ಮಾಡುವಾಗ ಅದೇ ಮಾತು ಅವನ ಬಾಯಿಂದ ಹೊರಬರುತ್ತದೆ.

ಆದುದರಿಂದ ಕಾರು ಕೊಳ್ಳಲು ಹೊರಟ ಕುಟುಂಬಗಳಿಗೆ ನನ್ನ ವಿನಂತಿ ಇದು. ಎರಡೂ ಕಾರುಗಳನ್ನು ಒಂದೇ ದಿನ, ಒಂದೇ ರಸ್ತೆಯಲ್ಲಿ, ಮನೆಯವರನ್ನೆಲ್ಲ ಕೂರಿಸಿಕೊಂಡು ಓಡಿಸಿ ನೋಡಿ. ಅಜ್ಜಿ ಹತ್ತಿ ಇಳಿಯಲು ಎಷ್ಟು ಕಷ್ಟಪಟ್ಟರೆಂಬುದನ್ನು ಗಮನಿಸಿ. ಎರಡೂ ಷೋರೂಮುಗಳಲ್ಲಿ ನಾಲ್ಕು ಟೈರು, ಒಂದು ಹೆಡ್‌ಲೈಟ್, ಮುಂದಿನ ಗಾಜು, ಐದನೆಯ ವರ್ಷದ ವಿಮೆ ಇಷ್ಟರ ಬೆಲೆಯನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಮನೆಗೆ ಬಂದು ಊಟದ ಮೇಜಿನ ಮೇಲೆ ಆ ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟು ಎಲ್ಲರೂ ಓದಿ. ಆನಂತರ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಲಾಂಛನವನ್ನು ಬಟ್ಟೆಯಿಂದ ಮುಚ್ಚಿ ನಿಲ್ಲಿಸಿದರೂ ಈ ಕಾರಿಗೆ ನಾವು ಇಷ್ಟು ಹಣ ಕೊಡುತ್ತಿದ್ದೆವೇ? ಹೌದೆಂದು ಮನಸ್ಸು ಪ್ರಾಮಾಣಿಕವಾಗಿ ಹೇಳಿದರೆ, ಸಾಲದ ಹೊರೆಯೂ ಇಲ್ಲದಿದ್ದರೆ, ಸಂತೋಷದಿಂದ ಕೊಳ್ಳಿ. ಇಲ್ಲವೆಂದಾದರೆ ಮೊದಲು ಮೆಚ್ಚಿದ ಆ ಚುರುಕು ಸೆಡಾನಿಗೆ ಮುಂಗಡ ಕೊಟ್ಟು ಬನ್ನಿ. ಮುಂದಿನ ಬಾರಿ ಹಿತೈಷಿಯವರು ಎದುರಾಗಿ "ಇನ್ನು ಸ್ವಲ್ಪ ಸೇರಿಸಬಹುದಿತ್ತಲ್ಲ" ಎಂದಾಗ, ಆ ಸ್ವಲ್ಪ ಎಷ್ಟೆಂಬುದನ್ನು ನಗುತ್ತಲೇ ಅವರಿಗೆ ತಿಳಿಸಿ. ಅವರ ಮನೆಯಲ್ಲೂ ಕಾರು ಕೊಳ್ಳುವ ಮಾತು ನಡೆಯುತ್ತಿರಬಹುದು.